ಬೇವಿನ ಕಷಾಯ ಮಾಡಿ, ಆದರೆ ಒಲೆ ಹಚ್ಚಬೇಡಿ

"ಬೇವು ಹೊಡೆದೆ, ಒಂದು ಹುಳನೂ ಸಾಯಲಿಲ್ಲ" ಅನ್ನೋ ಮಾತು ಚಿಂತಾಮಣಿ ಕಡೆ ಟೊಮೆಟೊ ತೋಟಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ನಾನೂ ಹಾಗಂದವನೇ. ಮೊದಲ ಸಲ, ಕಷಾಯ ಅಂದ್ರೆ ಕುದಿಸೋದು ತಾನೇ ಅಂದುಕೊಂಡು ಹಂಡೆಗೆ ಹಾಕಿ ಚೆನ್ನಾಗಿ ಕುದಿಸಿ, ಮಟಮಟ ಮಧ್ಯಾಹ್ನ ಹೊಡೆದು ಬಂದಿದ್ದೆ. ಬೇವಿನಲ್ಲಿ ಕೆಲಸ ಮಾಡೋದು ಅಜಾಡಿರಾಕ್ಟಿನ್ ಅನ್ನೋ ಅಂಶ. ಅದಕ್ಕೆ ಬೆಂಕಿನೂ ಆಗಲ್ಲ, ಬಿಸಿಲೂ ಆಗಲ್ಲ.

ಅದು ಹೇಗೆ ಕೆಲಸ ಮಾಡುತ್ತದೆ ಅಂತ ರೇಷ್ಮೆ ಸಾಕಿದವರಿಗೆ ಹೇಳೋದು ಸುಲಭ. ಹುಳು ಜ್ವರಕ್ಕೆ ಕೂತು, ಅಂದ್ರೆ ಮೇಯೋದು ನಿಲ್ಲಿಸಿ ಸುಮ್ನೆ ಕೂತು, ಪೊರೆ ಬಿಟ್ಟು ಏಳುತ್ತಲ್ವಾ, ಬೇವು ಆ ಪೊರೆ ಬಿಡೋದನ್ನೇ ಕೆಡಿಸುತ್ತದೆ. ಜೊತೆಗೆ ಹುಳು ಮೇಯೋದನ್ನೂ ಕಡಿಮೆ ಮಾಡುತ್ತದೆ. ಹಾಗಾಗಿ ಮಾರನೇ ದಿನ ಹುಳು ಓಡಾಡ್ತಾ ಇದ್ರೆ ಗಾಬರಿ ಬೇಡ, ಎಲೆಯಲ್ಲಿ ಹೊಸ ತೂತು ಬಿದ್ದಿದೆಯಾ ಅಂತ ನೋಡಿ. ಮರಿಹುಳ ಇರುವಾಗಲೇ ಹೊಡೆಯಬೇಕು. ಬಲಿತ ಹುಳಕ್ಕೆ ಹೊಡೆದರೆ ಸುಮ್ನೆ ಕೂಲಿ ದಂಡ.

ಮಳೆಗಾಲದ ಶುರುವಿನಲ್ಲಿ ಬೇವಿನ ಹಣ್ಣು ಉದುರುತ್ತದೆ. ಆಗಲೇ ಆರಿಸಿ, ಸಿಪ್ಪೆ ಹಿಸುಕಿ ತೊಳೆದು, ನೆರಳಿನಲ್ಲಿ ಒಣಗಿಸಿ, ಗಾಳಿಯಾಡೋ ಗೋಣಿಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆ. ಒಡೆದು ನೋಡಿದಾಗ ತಿರುಳು ಕಪ್ಪಗಿದ್ದರೆ ಎಸೆಯಿರಿ. ಹೋದ ವರ್ಷದ ಬೀಜ ನಂಬಬೇಡಿ.

15 ಲೀಟರ್ ಟ್ಯಾಂಕಿಗೆ 750 ಗ್ರಾಂ ತಿರುಳು ಬೇಕು, ಅಂದರೆ ಗಟ್ಟಿ ಹೊರಚಿಪ್ಪು ಸಮೇತ ಹೆಚ್ಚು ಕಡಿಮೆ ಒಂದೂವರೆ ಕೆಜಿ ಬೀಜ. ತಿರುಳನ್ನು ತರಿತರಿಯಾಗಿ ಕುಟ್ಟಿ, ಹಳೇ ಪಂಚೆ ತುಂಡಿನಲ್ಲಿ ಸಡಿಲವಾಗಿ ಗಂಟು ಕಟ್ಟಿ, ಮೂರು ಲೀಟರ್ ನೀರಿನಲ್ಲಿ ರಾತ್ರಿಯಿಡೀ ಅದ್ದಿಡಿ. ಬೆಳಗ್ಗೆ ಗಂಟನ್ನು ಹಿಂಡಿದರೆ ಹಾಲಿನಂಥ ರಸ ಬರುತ್ತದೆ. ಅದ್ದಿ, ಹಿಂಡಿ, ಮತ್ತೆ ಅದ್ದಿ. ಹಿಂಡಿದ ನೀರು ತಿಳಿಯಾಗೋವರೆಗೂ ಬಿಡಬೇಡಿ. ಕೈ ಎರಡು ದಿನ ಕಹಿ ಇರುತ್ತದೆ, ಊಟ ಮಾಡುವಾಗ ಗೊತ್ತಾಗುತ್ತದೆ. ಬಟ್ಟೆಯಲ್ಲಿ ಎರಡು ಸಲ ಸೋಸಿ, ಇಲ್ಲದಿದ್ದರೆ ಸಾಲಿಗೊಂದು ಸಲ ನಾಜಲ್ ಕಟ್ಟಿಕೊಂಡು ಬಿಚ್ಚಿ ಊದುತ್ತಾ ಕೂರಬೇಕಾಗುತ್ತದೆ.

ಆಮೇಲೆ 30 ಗ್ರಾಂ ಬಾರ್ ಸೋಪು ತುರಿದು ಕರಗಿಸಿ ಸೇರಿಸಿ, ಆಗಲೇ ರಸ ಎಲೆಗೆ ಅಂಟೋದು. ನಮ್ಮ ಬೋರ್‌ವೆಲ್ ಗಡಸು ನೀರಿನಲ್ಲಿ ಸೋಪು ನೊರೆ ಬರದೆ ಮೊಸರು ಒಡೆದ ಹಾಗೆ ಆಗುತ್ತದೆ, ಕ್ಷಾರ ಜಾಸ್ತಿ ಇದ್ದರೆ ಬೇವಿನ ಸತ್ವವೂ ಬೇಗ ಹೋಗುತ್ತದೆ. ಕೃಷಿ ಹೊಂಡದಲ್ಲಿ ಮಳೆ ನೀರಿದ್ದರೆ ಅದನ್ನೇ ತನ್ನಿ. ಒಟ್ಟು 15 ಲೀಟರ್ ಮಾಡಿಕೊಂಡು ಅವತ್ತೇ ಸಂಜೆ, ಬಿಸಿಲು ಇಳಿದ ಮೇಲೆ, ಎಲೆಯ ಅಡಿಭಾಗ ನೆನೆಯೋ ಹಾಗೆ ಹೊಡೆಯಿರಿ. ಬಿಳಿನೊಣ, ಸಸ್ಯಹೇನು ಎಲ್ಲಾ ಕೂರೋದು ಅಡಿಯಲ್ಲೇ. ಉಳಿದದ್ದನ್ನು ನಾಳೆಗೆ ಇಡಬೇಡಿ. ವಾರ, ಹತ್ತು ದಿನಕ್ಕೊಮ್ಮೆ ಮತ್ತೆ ಹೊಡೆಯಬೇಕು, ಮಳೆ ಬಂದರೆ ಇನ್ನೂ ಬೇಗ. ಕಳೆನಾಶಕ ಹೊಡೆದ ಟ್ಯಾಂಕು ಮಾತ್ರ ಬೇಡವೇ ಬೇಡ.

ಹುಳು ಕಾಯಿ ಒಳಗೆ ಸೇರಿಕೊಂಡ ಮೇಲೆ ಯಾವ ರಸವೂ ಅದನ್ನು ಮುಟ್ಟಲ್ಲ. ಅಂಥ ಕಾಯಿ ಕಿತ್ತು ಹೂಳಿ.

ಹೊಗೆಸೊಪ್ಪಿನ ಕಷಾಯ ಮಾಡಿ ಅಂತ ಹೇಳೋರು ತುಂಬಾ ಜನ. ನಾನು ಹೇಳಲ್ಲ. ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ನಿಕೋಟಿನ್ ಸಾಧು ಆಗಲ್ಲ. ಚರ್ಮದ ಮೂಲಕ ಮೈಗೆ ಸೇರುತ್ತದೆ, ಜೇನುಹುಳಕ್ಕೂ ವಿಷ, ಸಾಲದ್ದಕ್ಕೆ ಹೊಗೆಸೊಪ್ಪಿನಿಂದ ಟೊಮೆಟೊಗೆ ಮೊಸಾಯಿಕ್ ಅನ್ನೋ ವೈರಸ್ ರೋಗ ತಗುಲಿಸೋ ಭಯ ಬೇರೆ.

ಬೇವಿಗೂ ಒಂದು ಎಚ್ಚರಿಕೆ ಇದೆ. ಟೊಮೆಟೊ ಹುಳು ಪೊರೆ ಬಿಡದ ಹಾಗೆ ಮಾಡೋ ರಸಕ್ಕೆ ರೇಷ್ಮೆ ಹುಳು ಬೇರೆ ಅಂತ ಗೊತ್ತಾಗಲ್ಲ. ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಒಂದು ಹಿಡಿ ಮಣ್ಣು ತೂರಿ ನೋಡಿ. ನಾನು ಈಗ ಹೊಡೆಯೋ ಮೊದಲು ಬದುವಿನ ಮೇಲೆ ನಿಂತು "ಅಣ್ಣಾ, ಹುಳ ಎಷ್ಟನೇ ಜ್ವರ?" ಅಂತ ಕೂಗಿ ಕೇಳುತ್ತೇನೆ. ಸೊಪ್ಪು ಕೊಯ್ಯೋದು ಬಾಕಿ ಇದೆ ಅಂದರೆ ಆ ಅಂಚಿನ ನಾಲ್ಕು ಸಾಲು ಬಿಟ್ಟುಬಿಡುತ್ತೇನೆ.