ಇಳಿತದ ಹೊತ್ತಿನ ನಡಿಗೆ

ಮೂರು ವರ್ಷಗಳ ಹಿಂದೆ, ನನಗೆ 52 ತುಂಬಿದಾಗ, ಕಚೇರಿಯ ಎರಡನೆಯ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತಿತ್ತು. ವೈದ್ಯರು ಇಸಿಜಿ ನೋಡಿ, ಹೃದಯಕ್ಕೇನೂ ಆಗಿಲ್ಲ, ಮೈಗೆ ದುಡಿಮೆ ತಪ್ಪಿದೆ ಎಂದರು. ಮರುದಿನವೇ ಕಾರವಾರದ ಟಾಗೋರ್ ಕಡಲತೀರದಲ್ಲಿ, ಅದೂ ಕಾಲು ಹೂತುಹೋಗುವ ಒಣ ಮರಳಿನಲ್ಲಿ, ಓಡತೊಡಗಿದ್ದು ನನ್ನ ತಪ್ಪು. ಮೀನಖಂಡ ಹಿಡಿದುಕೊಂಡು ನಾಲ್ಕನೆಯ ದಿನಕ್ಕೆ ಓಟ ನಿಂತಿತು.

ದಾರಿಗೆ ತಂದವರು ನಮ್ಮ ಕೇರಿಯ ನಿವೃತ್ತ ಮಾಸ್ತರರು. "ನಾನು ಕೇಳಿದ್ದಕ್ಕೆ ಪೂರ್ತಿ ಉತ್ತರ ಹೇಳುತ್ತಾ ನಡೆಯಿರಿ, ಮಾತು ತುಂಡಾದರೆ ವೇಗ ತಗ್ಗಿಸಿ" ಎಂದರು. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು. ಮಧ್ಯಮ ಶ್ರಮದ ಅಳತೆ ಇದೇ. 220ರಿಂದ ವಯಸ್ಸನ್ನು ಕಳೆದರೆ ಆಗ ನನ್ನ ಗರಿಷ್ಠ ನಾಡಿಬಡಿತ ಸುಮಾರು 168, ಅದರ ಅರ್ಧದಿಂದ ಶೇಕಡಾ 70ರವರೆಗೆ, ಅಂದರೆ 84ರಿಂದ 118ರ ನಡುವೆ ಇರಬೇಕೆಂಬ ಲೆಕ್ಕವೂ ಇದೆ. ಆದರೆ ಇದು ಅಂದಾಜು ಮಾತ್ರ, ನನಗೆ ಮಾಸ್ತರರ ಮಾತೇ ಹೆಚ್ಚು ಉಪಯೋಗಕ್ಕೆ ಬಂತು.

ಮೊದಲ ತಿಂಗಳು ದಿನಕ್ಕೆ 20 ನಿಮಿಷ, ಆಮೇಲೆ ನಿಧಾನವಾಗಿ ಏರಿಸಿ, ವಾರಕ್ಕೆ ಐದು ದಿನ 45 ನಿಮಿಷಕ್ಕೆ ತಂದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ನಡೆಯುವುದು ಅಲೆ ಸರಿದು ಗಟ್ಟಿಯಾದ ಒದ್ದೆ ಮರಳಿನ ಮೇಲೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ನನ್ನ ವೇಳೆಯೂ ಸರಿಯುತ್ತದೆ. ಮೀನುಗಾರರ ಕೇರಿಯಲ್ಲಿ ಬೆಳೆದ ನಮಗೆ ಅದೇನೂ ಕಷ್ಟವಲ್ಲ. ತೀರ ಒಂದು ಕಡೆಗೆ ಇಳಿಜಾರಾಗಿರುವ ಕಾರಣ ಹೋದಷ್ಟೇ ದೂರ ಅದೇ ಸಾಲಿನಲ್ಲಿ ಹಿಂದಿರುಗುತ್ತೇನೆ, ಇಲ್ಲವಾದರೆ ಒಂದೇ ಮೊಣಕಾಲಿಗೆ ಭಾರ ಬೀಳುತ್ತದೆ.

ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಗಾಳಿಯ ತೇವಕ್ಕೆ ಬೆವರು ಆರುವುದಿಲ್ಲ. ಮೈ ತಂಪಾಗಿಸಲು ಹೃದಯ ಚರ್ಮಕ್ಕೂ ಹೆಚ್ಚು ರಕ್ತ ಕಳಿಸಬೇಕಾಗಿ, ಹಳೆಯ ವೇಗದಲ್ಲಿಯೇ ಬಡಿತ ಏರುತ್ತದೆ. ಆಗ ನಿಧಾನಿಸುವುದನ್ನು ನಾನು ಸೋಲೆಂದು ಎಣಿಸುವುದಿಲ್ಲ.

ಬೆಳಿಗ್ಗೆ ಹಾಸಿಗೆಯಲ್ಲಿಯೇ ಮಣಿಕಟ್ಟು ಹಿಡಿದು ಎಣಿಸಿದಾಗ 82 ಇದ್ದ ನಾಡಿ ಆರು ತಿಂಗಳಿಗೆ 72ಕ್ಕೆ ಇಳಿಯಿತು. ಶ್ವಾಸಕೋಶ ದೊಡ್ಡದಾಯಿತೆಂದು ನಾನು ತಿಳಿದಿದ್ದೆ, ಹಾಗಲ್ಲ. ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನೂ ಕಾಲಿನ ಸ್ನಾಯುಗಳು ಆಮ್ಲಜನಕವನ್ನು ಚೆನ್ನಾಗಿ ಬಳಸುವುದನ್ನೂ ಕಲಿತಿದ್ದವು.

ಮಳೆಗಾಲದಲ್ಲಿ ಕಡಲ ಬಳಿ ಹೋಗುವ ಹಾಗಿಲ್ಲ. ಮನೆಯ ಮೆಟ್ಟಿಲನ್ನೇ ಹತ್ತಿ ಇಳಿಯುತ್ತೇನೆ, ಇಳಿಯುವಾಗ ಕಟಕಟೆ ಹಿಡಿದು. ಕಳೆದ ವರ್ಷ ಜ್ವರ ಬಂದು ಅದೂ ತಪ್ಪಿತು. ಅಕ್ಟೋಬರಿನಲ್ಲಿ ಮರಳಿಗೆ ಇಳಿಯುವಷ್ಟರಲ್ಲಿ ಬೆಳಗಿನ ನಾಡಿ 78ಕ್ಕೆ ಏರಿತ್ತು, ಮಾಸ್ತರರ ಎರಡನೆಯ ಪ್ರಶ್ನೆಗೇ ನನ್ನ ಮಾತು ತುಂಡಾಯಿತು. ಮತ್ತೆ 20 ನಿಮಿಷದಿಂದಲೇ ಆರಂಭಿಸಿದೆ.