ಪೊಟ್ಟಣ ತಿರುಗಿಸಿ ನೋಡಿ: ರುಚಿವರ್ಧಕ ಬಿಟ್ಟ ನನ್ನ ಕ್ರಮ

ಪೊಟ್ಟಣದ ಮುಂಭಾಗ ನಾನು ಓದುವುದಿಲ್ಲ. ಹಿಂಭಾಗದ ಪದಾರ್ಥಗಳ ಸಾಲಿನ ತುದಿಯಲ್ಲಿ 'ಫ್ಲೇವರ್ ಎನ್‌ಹ್ಯಾನ್ಸರ್' ಎಂದಿದ್ದು, ಪಕ್ಕದಲ್ಲಿ 621, 627, 631, 635 ಇವುಗಳಲ್ಲಿ ಯಾವುದಿದ್ದರೂ ವಾಪಸ್ ಶೆಲ್ಫಿಗೆ.

621 ಅಂದರೆ ಮೊನೊಸೋಡಿಯಂ ಗ್ಲುಟಮೇಟ್ (ಎಂಎಸ್‌ಜಿ), ನಮ್ಮ ಗಾಡಿಯವರ ಬಾಯಲ್ಲಿ ಟೇಸ್ಟಿಂಗ್ ಪೌಡರ್. ಗ್ಲುಟಮೇಟಿನ ಈ ರುಚಿಯನ್ನು 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಕಡಲಕಳೆಯ ಸಾರಿನಲ್ಲಿ ಗುರುತಿಸಿದರು. ವಿಷವೇನಲ್ಲ; ಹಣ್ಣಾದ ಟೊಮೇಟೊದಲ್ಲೂ ಗ್ಲುಟಮೇಟ್ ಇದೆ. ನನ್ನ ತಕರಾರು ಬೇರೆ: ಸಪ್ಪೆ ಹಿಟ್ಟು, ಅಗ್ಗದ ಎಣ್ಣೆ, ಜಾಸ್ತಿ ಉಪ್ಪು, ಎಲ್ಲವನ್ನೂ ಇದು ಮುಚ್ಚಿಹಾಕುತ್ತದೆ.

'ಎಂಎಸ್‌ಜಿ ಸೇರಿಸಿಲ್ಲ' ಎಂಬ ಬರಹ ನಂಬಬೇಡಿ. 627 (ಗ್ವಾನಿಲೇಟ್), 631 (ಇನೊಸಿನೇಟ್), ಇವೆರಡರ ಮಿಶ್ರಣವಾದ 635, ಎಲ್ಲವೂ ಗ್ಲುಟಮೇಟಿನ ಜೊತೆಗೂಡಿದಾಗಲೇ ಜೋರು. ಅವು ಇದ್ದು 621 ಇಲ್ಲವೆಂದರೆ ಹೈಡ್ರೊಲೈಸ್ಡ್ ವೆಜಿಟಬಲ್ ಪ್ರೋಟೀನ್, ಯೀಸ್ಟ್ ಎಕ್ಸ್‌ಟ್ರಾಕ್ಟ್ ಅಥವಾ ಸೋಯಾ ಸಾಸ್ ಪುಡಿ ಹುಡುಕಿ. ಗ್ಲುಟಮೇಟ್ ಹಿಂಬಾಗಿಲಿನಿಂದ ಬರುವುದು ಹೀಗೆ. 627, 631 ಎರಡೂ ದೇಹದಲ್ಲಿ ಯೂರಿಕ್ ಆಸಿಡ್ ಆಗುವ ಜಾತಿಯವು, ಗೌಟ್ (ಯೂರಿಕ್ ಆಸಿಡ್ ಹೆಚ್ಚಿ ಕೀಲು ನೋಯುವ ಕಾಯಿಲೆ) ಇರುವವರು ಗಮನಿಸಲಿ.

ಬೆಂಗಳೂರಿನ ಗಾಂಧಿ ಬಜಾರಿನ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ತೂಗಿಕೊಡುವ ಕುರುಕಲಿಗೆ ಲೇಬಲ್ಲೇ ಇರುವುದಿಲ್ಲ. ಖಾರ ಹಿಟ್ಟಿನಲ್ಲೇ ಕಲೆಸಿದ ಕೋಡುಬಳೆ ತಗೋತೀನಿ. ಕರಿದ ಮೇಲೆ ಮಸಾಲೆ ಉದುರಿಸಿದ ಚಿಪ್ಸ್ ಬೇಡ. ಅನುಮಾನವೆಲ್ಲ ಆ ಉದುರಿಸಿದ ಪುಡಿಯ ಮೇಲೆ.

ನೂಡಲ್ಸ್, ಸೂಪಿಗೆ ಮನೆಯಲ್ಲೇ ಪುಡಿ. 1 ಕೆಜಿ ಹಣ್ಣು ಟೊಮೇಟೊ, 5 ಮಿಮೀ ಬಿಲ್ಲೆ. ಬೀಜದ ಸುತ್ತಲಿನ ಲೋಳೆ ತೆಗೆಯಬೇಡಿ, ಗ್ಲುಟಮೇಟ್ ಹೆಚ್ಚಿರುವುದೇ ಅಲ್ಲಿ. ಓವನ್ 70 ಡಿಗ್ರಿ, ಬಾಗಿಲು ಸ್ವಲ್ಪ ತೆರೆದು 8ರಿಂದ 10 ಗಂಟೆ. ಬಿಲ್ಲೆ ಬಾಗಿದರೆ ಇನ್ನೂ ನೀರಿದೆ, ಪಟ್ಟನೆ ಮುರಿಯಬೇಕು. ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ತಡೆದು ತಡೆದು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಬಿಸಿಗೆ ಅದರ ಸಕ್ಕರೆ ಅಂಟಾಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. 50 ಗ್ರಾಂ ಆಸುಪಾಸು ಪುಡಿ ಸಿಗುತ್ತದೆ.

ಅದಕ್ಕೆ ಒಣ ಶಿಟಾಕೆ ಅಣಬೆ ಪುಡಿ 10 ಗ್ರಾಂ, ಒಣಗಿಸಿದ ಈರುಳ್ಳಿ ಪುಡಿ 15, ಬೆಳ್ಳುಳ್ಳಿ ಪುಡಿ 5, ಹುರಿದ ಧನಿಯ 10, ಜೀರಿಗೆ 5, ಮೆಣಸು 3, ಉಪ್ಪು 10. ಒಂದು ಪ್ಲೇಟಿಗೆ 2 ಟೀ ಚಮಚ. ಕುದಿಯುವ ನೀರಿಗೆ ಸುರಿಯಬೇಡಿ. ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಏರಿಸಿದರೆ, 60–70 ಡಿಗ್ರಿಯ ಹೊತ್ತಿಗೆ ಅಣಬೆಯ ಕಿಣ್ವಗಳು ಗ್ವಾನಿಲೇಟ್ ಬಿಡುತ್ತವೆ. ಕಾರ್ಖಾನೆಯ 627 ಕೂಡ ಇದೇ, ಇಲ್ಲಿ ಅಣಬೆಯಿಂದ ಬಂತು ಅಷ್ಟೆ. ಬೆಂಗಳೂರಿನ ಮಳೆಗಾಲದಲ್ಲಿ ಈ ಪುಡಿ ಗಟ್ಟಿಯಾಗುತ್ತದೆ. ಗಾಜಿನ ಬಾಟಲಿ, ಫ್ರಿಜ್, ಒಣ ಚಮಚ.

ಗಾಡಿಯಲ್ಲಿ ಫ್ರೈಡ್ ರೈಸ್ ಹೇಳುವಾಗ ಬಾಣಲೆ ಕಾಯುವ ಮೊದಲೇ 'ಟೇಸ್ಟಿಂಗ್ ಪೌಡರ್ ಬೇಡ' ಅನ್ನಿ. ಆದರೂ ಸೋಯಾ ಸಾಸ್‌ನ ಗ್ಲುಟಮೇಟ್ ಇದ್ದೇ ಇರುತ್ತದೆ, ಅದೂ ಬೇಡವಾದರೆ ಚಿತ್ರಾನ್ನ ತಿನ್ನಿ.