ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರಿಗೆ

ಗೈಡ್ ಕೊಳ್ಳಲೇಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಯಾರೂ ಕೇಳುವುದಿಲ್ಲ. ಮೂಲ ಪಠ್ಯವನ್ನು ಒಂದು ಸಲ ಓದಿ ಮುಗಿಸುವ ತನಕ ಕೊಳ್ಳಬೇಡಿ, ನನ್ನ ಷರತ್ತು ಅಷ್ಟೇ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಬಿ.ಎ. ಮಕ್ಕಳಿಗೆ ಐಚ್ಛಿಕ ಇಂಗ್ಲಿಷ್ ಪಾಠ ಮಾಡುವವಳು ನಾನು. ನನ್ನ ತರಗತಿಯಲ್ಲಿ ಕೂರುವವರಲ್ಲಿ ಬಹುಪಾಲು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ನನ್ನ ಹಾಗೆಯೇ. ಮೊದಲ ವಾರ ಎಲ್ಲರದೂ ಒಂದೇ ಅಳುಕು: ನಮ್ಮ ಇಂಗ್ಲಿಷ್ ಸಾಲದು ಮೇಡಂ. ಸೆಮಿಸ್ಟರ್ ಅರ್ಧ ಕಳೆಯುವ ಹೊತ್ತಿಗೆ ನನಗೆ ಕಾಣುವ ಕೊರತೆಯೇ ಬೇರೆ. ವಾಕ್ಯ ಅರ್ಥವಾಗಿರುತ್ತದೆ, ವಾಕ್ಯದ ಹಿಂದಿರುವ ಚರ್ಚು, ಜಮೀನು, ದುಡ್ಡು, ಮರ್ಯಾದೆ ಗೊತ್ತಿರುವುದಿಲ್ಲ. ಇಂಗ್ಲಿಷ್ ಮಾಧ್ಯಮದಿಂದ ಬಂದವರಿಗೂ ಅದು ಗೊತ್ತಿರುವುದಿಲ್ಲ. ಆದ್ದರಿಂದ ಹಿಂದಿನ ಬೆಂಚಿಗೆ ಸರಿಯುವ ಅಗತ್ಯವಿಲ್ಲ.

ಕಾದಂಬರಿಯಿಂದ ಶುರು ಮಾಡಿ. ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಪಠ್ಯವಾಗಿದೆ ಎಂದುಕೊಳ್ಳೋಣ. ದಪ್ಪ ನೋಡಿಯೇ ಅರ್ಧ ತರಗತಿ ಸಾರಾಂಶದ ವಿಡಿಯೊ ಹುಡುಕಲು ಹೊರಡುತ್ತದೆ. ಆದರೆ ಅದರ ಮೊದಲ ಓದುಗರು ಅದನ್ನು ದಪ್ಪ ಪುಸ್ತಕವಾಗಿ ಓದಿದವರೇ ಅಲ್ಲ. 1860ರ ಡಿಸೆಂಬರಿನಿಂದ 1861ರ ಆಗಸ್ಟ್‌ವರೆಗೆ ಅದು ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಮನೆಯಲ್ಲಿ ಅಮ್ಮನೋ ಅಜ್ಜಿಯೋ 'ಸುಧಾ', 'ತರಂಗ'ಗಳ ಧಾರಾವಾಹಿಗೆ ಕಾದು ಕುಳಿತದ್ದನ್ನು ನೋಡಿದವರಿಗೆ, ಅಧ್ಯಾಯಗಳು ಏಕೆ ಅಷ್ಟೊಂದು ಕುತೂಹಲ ಉಳಿಸಿ ಮುಗಿಯುತ್ತವೆ ಎಂದು ಬೇರೆ ಹೇಳಬೇಕಾಗಿಲ್ಲ. 59 ಅಧ್ಯಾಯಗಳು, 36 ಕಂತುಗಳು. ವಾರಕ್ಕೆ ಮೂರು ಕಂತಿನ ಪಾಲು ಓದಿದರೆ ಹನ್ನೆರಡು ವಾರಕ್ಕೆ ಕಾದಂಬರಿ ಮುಗಿಯುತ್ತದೆ. ಗೈಡ್ ತಿರುವಿ ಹಾಕಲು ಆಮೇಲೂ ವಾರಗಳು ಉಳಿಯುತ್ತವೆ. ಮೊದಲ ಓದಿನಲ್ಲಿ ಪುಟಕ್ಕೆ ಎರಡು ಮೂರು ಪದಗಳಿಗಿಂತ ಹೆಚ್ಚು ನಿಘಂಟಿನಲ್ಲಿ ಹುಡುಕಬೇಡಿ. ತಿಳಿಯದ್ದನ್ನು ಪೆನ್ಸಿಲಿನಲ್ಲಿ ಗೀಟೆಳೆದು ಮುಂದೆ ಹೋಗಿ. ನೋಟ್‌ಬುಕ್ಕಿನ ಬಲಪುಟದಲ್ಲಿ ಏನಾಯಿತು ಎಂದು ನಾಲ್ಕು ಸಾಲು ಬರೆಯಿರಿ, ಎಡಪುಟವನ್ನು ಅನುಮಾನಗಳಿಗೆ ಬಿಡಿ. ಕನ್ನಡದಲ್ಲಿ ಬರೆದರೂ ಸರಿ. ಒಳ್ಳೆಯ ಪ್ರಬಂಧ ಹುಟ್ಟುವುದು ಎಡಪುಟದಿಂದ.

ಇನ್ನು ದುಡ್ಡು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಯಲ್ಲಿ ದುಡ್ಡು ಗೊತ್ತಿಲ್ಲದೆ ಪ್ರೇಮ ಅರ್ಥವಾಗುವುದಿಲ್ಲ. 12 ಪೆನ್ನಿಗೆ ಒಂದು ಷಿಲಿಂಗ್, 20 ಷಿಲಿಂಗಿಗೆ ಒಂದು ಪೌಂಡ್. 1971ರವರೆಗೂ ಬ್ರಿಟನ್ನಿನಲ್ಲಿ ಇದೇ ಲೆಕ್ಕ. ಜೇನ್ ಆಸ್ಟಿನ್‌ಳ 'ಪ್ರೈಡ್ ಅಂಡ್ ಪ್ರೆಜುಡಿಸ್' (1813) ಕಾದಂಬರಿಯಲ್ಲಿ ನಾಯಕ ಡಾರ್ಸಿಗೆ ವರ್ಷಕ್ಕೆ ಹತ್ತು ಸಾವಿರ ಪೌಂಡ್ ವರಮಾನ, ನಾಯಕಿಯ ಬೆನೆಟ್ ಮನೆಗೆ ಎರಡು ಸಾವಿರ. ಆ ಎರಡು ಸಾವಿರವೂ ಐದು ಹೆಣ್ಣುಮಕ್ಕಳಿಗೆ ಸಿಗುವಂಥದ್ದಲ್ಲ; ಗಂಡು ವಾರಸುದಾರನಿಗೇ ಹೋಗಬೇಕೆಂದು ಆಸ್ತಿಯನ್ನು ಕಟ್ಟಿಹಾಕಲಾಗಿದೆ. ತಂದೆ ತೀರಿಕೊಂಡ ದಿನ ಮನೆ ದೂರದ ನೆಂಟ ಕಾಲಿನ್ಸ್‌ನದಾಗುತ್ತದೆ. ಹೆಣ್ಣುಮಕ್ಕಳ ಮದುವೆ ಮಾಡಿಸಲು ಬೆನೆಟ್ ಮನೆಯೊಡತಿ ಪಡುವ ಗಡಿಬಿಡಿಗೆ ತರಗತಿ ನಗುತ್ತದೆ. ನಗಲಿ, ಆಸ್ಟಿನ್ ಬರೆದದ್ದೂ ನಗಿಸಲೆಂದೇ. ನಕ್ಕಾದ ಮೇಲೆ, ಗಂಡ ಸತ್ತ ಮರುದಿನ ಆಕೆ ಎಲ್ಲಿಗೆ ಹೋಗುತ್ತಾಳೆ ಎಂದು ಕೇಳುತ್ತೇನೆ. ನಮ್ಮ ಹುಡುಗಿಯರಿಗೆ ಇದು ಬೇಗ ಹಿಡಿಸುತ್ತದೆ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಎಂಬ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಆದರೂ ಅಣ್ಣತಮ್ಮಂದಿರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟ ಅತ್ತೆಯೋ ಚಿಕ್ಕಮ್ಮನೋ ಯಾರ ಮನೆಯಲ್ಲಿ ಇಲ್ಲ? ಅದನ್ನು ನೋಡಿದವಳಿಗೆ ಆಸ್ಟಿನ್ ಓದಲು ಬೇಕಾದ ಸಿದ್ಧತೆ ಅರ್ಧ ಆದಂತೆಯೇ. ಉತ್ತರಪತ್ರಿಕೆಯಲ್ಲಿ ಅತ್ತೆಯ ಕಥೆ ಬರೆಯಬೇಡಿ, ಆದರೆ ಓದುವಾಗ ಅವರನ್ನು ಮರೆಯಬೇಡಿ.

ಚರ್ಚಿನ ವಿಷಯಕ್ಕೆ ಅಡ್ಡದಾರಿ ಇಲ್ಲ, ಬೈಬಲ್ ಓದಬೇಕು. ಇಡೀ ಬೈಬಲ್ ಅಲ್ಲ. ಆದಿಕಾಂಡದ ಮೊದಲ ಮೂರು ಅಧ್ಯಾಯಗಳು, ಕೆಲವು ಕೀರ್ತನೆಗಳು, ಲೂಕನ ಸುವಾರ್ತೆ, ಅದರಲ್ಲೂ ಮನೆ ಬಿಟ್ಟು ಹೋದ ಮಗ ಮರಳಿ ಬರುವ ಹದಿನೈದನೆಯ ಅಧ್ಯಾಯ. ಮೊದಲು ಕನ್ನಡದ 'ಸತ್ಯವೇದ'ದಲ್ಲಿ ಓದಿ, ಆಮೇಲೆ 'ಕಿಂಗ್ ಜೇಮ್ಸ್' ಎಂದು ಕರೆಯುವ 1611ರ ಇಂಗ್ಲಿಷ್ ಅನುವಾದದಲ್ಲಿ. ಕವಿಗಳ ಕಿವಿಯಲ್ಲಿ ಶತಮಾನಗಳ ಕಾಲ ಮೊಳಗುತ್ತಿದ್ದದ್ದು ಆ ಅನುವಾದವೇ. ಜೊತೆಗೆ ನಾಲ್ಕು ಇಸವಿಗಳನ್ನು ಗೋಡೆಯ ಮೇಲೆ ಬರೆದು ಅಂಟಿಸಿಕೊಳ್ಳಿ: 1534, ರಾಜ ಎಂಟನೆಯ ಹೆನ್ರಿ ರೋಮಿನ ಚರ್ಚಿನಿಂದ ಬೇರೆಯಾದದ್ದು; 1642, ಕಟ್ಟಾ ಪ್ರೊಟೆಸ್ಟಂಟರಾದ ಪ್ಯೂರಿಟನ್ನರು ನಾಟಕಶಾಲೆಗಳನ್ನು ಮುಚ್ಚಿಸಿದ್ದು; 1649, ರಾಜನ ತಲೆ ಕಡಿದದ್ದು; 1660, ರಾಜತ್ವ ಮರಳಿದ್ದು. ಈ ಕೊನೆಯದರ ನಂತರವೇ ಇಂಗ್ಲಿಷ್ ರಂಗದ ಮೇಲೆ ನಟಿಯರು ಬಂದರು. ಷೇಕ್ಸ್‌ಪಿಯರನ ಹೆಣ್ಣುಪಾತ್ರಗಳನ್ನೆಲ್ಲ ಆಡುತ್ತಿದ್ದವರು ಹುಡುಗರು. ಹೆಣ್ಣಾದ ಹುಡುಗ ಮತ್ತೆ ಗಂಡುವೇಷ ಹಾಕುವ ಅವನ ಹಾಸ್ಯನಾಟಕಗಳ ತಮಾಷೆ, ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ಕರಾವಳಿಯ ಮಕ್ಕಳಿಗೆ ನನ್ನ ವಿವರಣೆಗಿಂತ ಮೊದಲೇ ತಿಳಿದಿರುತ್ತದೆ.

ಮಿಲ್ಟನ್ ಎಂದರೆ ಎಲ್ಲರೂ ಹೆದರುತ್ತಾರೆ. ಅವನ ಮಹಾಕಾವ್ಯ 'ಪ್ಯಾರಡೈಸ್ ಲಾಸ್ಟ್' ಮೊದಲು 1667ರಲ್ಲಿ ಹತ್ತು ಸರ್ಗಗಳಾಗಿ ಬಂತು, 1674ರಲ್ಲಿ ಹನ್ನೆರಡಾಯಿತು. ಅದರ ಮೊದಲ ವಾಕ್ಯದ ಮುಖ್ಯ ಕ್ರಿಯಾಪದ ಬರುವುದು ಆರನೆಯ ಸಾಲಿನಲ್ಲಿ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರು ಇಲ್ಲಿ ಒದ್ದಾಡುತ್ತಾರೆ. ನಮಗೆ ಕ್ರಿಯಾಪದಕ್ಕಾಗಿ ಕಾಯುವುದು ಹುಟ್ಟಿನಿಂದಲೇ ಬಂದ ಅಭ್ಯಾಸ. ಕನ್ನಡದಲ್ಲಿ ಅದು ಕೊನೆಗೇ ಬರುತ್ತದೆ. ಪೀಠಿಕೆಯಲ್ಲಿ ದೇವತೆಯನ್ನು ಸ್ತುತಿಸಿ, ಕಥಾವಸ್ತು ಹೇಳಿ, ತಾನು ಎಂಥ ಕಾವ್ಯ ಬರೆಯಹೊರಟಿದ್ದೇನೆ ಎಂದು ಬೀಗುವ ಕವಿಯೂ ನಮಗೆ ಹೊಸಬನಲ್ಲ. ಗದುಗಿನ ಭಾರತದ ಪೀಠಿಕಾ ಸಂಧಿಯನ್ನು ಒಮ್ಮೆ ಓದಿಕೊಂಡು ಮಿಲ್ಟನ್‌ನ ಮೊದಲ ಇಪ್ಪತ್ತಾರು ಸಾಲುಗಳಿಗೆ ಬನ್ನಿ. ಗಟ್ಟಿಯಾಗಿ, ಸಾಲಿನ ಕೊನೆಯಲ್ಲಿ ನಿಲ್ಲದೆ, ಪೂರ್ಣವಿರಾಮ ಬರುವವರೆಗೆ ಒಂದೇ ಓಟದಲ್ಲಿ ಓದಿ.

ಛಂದಸ್ಸು ಮಾತ್ರ ನಿಜಕ್ಕೂ ಕಬ್ಬಿಣದ ಕಡಲೆ. ಷಟ್ಪದಿಯಲ್ಲಿ ನಾವು ಮಾತ್ರೆ ಎಣಿಸುತ್ತೇವೆ: ಲಘುವಿಗೆ ಒಂದು, ಗುರುವಿಗೆ ಎರಡು. ಇಂಗ್ಲಿಷ್ ಪದ್ಯ ನಿಂತಿರುವುದು ಉಚ್ಚಾರಣೆಯ ಒತ್ತಿನ ಮೇಲೆ. ಅಯಾಂಬಿಕ್ ಪೆಂಟಾಮೀಟರ್ ಎಂದರೆ ಒತ್ತಿಲ್ಲದ್ದೊಂದು, ಒತ್ತಿರುವುದೊಂದು, ಹೀಗೆ ಐದು ಜೋಡಿ. ನಾವು ಇಂಗ್ಲಿಷ್ ಮಾತನಾಡುವಾಗ ಎಲ್ಲ ಅಕ್ಷರಗಳನ್ನೂ ಹೆಚ್ಚುಕಡಿಮೆ ಸಮನಾಗಿ ನುಡಿಯುವುದರಿಂದ ಆ ಏರಿಳಿತ ಕಿವಿಗೆ ಬೀಳುವುದಿಲ್ಲ. ನಿಯಮ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ನಿಘಂಟಿನಲ್ಲಿ ಉಚ್ಚಾರಣೆಯ ಜೊತೆ ಪುಟ್ಟ ನಿಲುಗೆರೆಯೊಂದು ಇರುತ್ತದಲ್ಲ, ಅದು ಯಾವ ಅಕ್ಷರದ ಮುಂದಿದೆಯೋ ಅಲ್ಲಿ ಒತ್ತು. ಒಂದು ಸಾನೆಟ್ (ಹದಿನಾಲ್ಕು ಸಾಲಿನ ಪದ್ಯ) ತೆಗೆದುಕೊಂಡು, ಒಂದಕ್ಕಿಂತ ಹೆಚ್ಚು ಅಕ್ಷರಗಳಿರುವ ಪದಗಳಿಗೆಲ್ಲ ಆ ಗುರುತನ್ನು ಹಾಕಿ, ಮೇಜು ತಟ್ಟುತ್ತಾ ಓದಿ. ಹಾಸ್ಟೆಲಿನವರು ತಾರಸಿಗೆ ಹೋಗುವುದು ಒಳ್ಳೆಯದು.

ಕಿವಿ ತಿದ್ದಿಕೊಳ್ಳಲು ಇನ್ನೊಂದು ದಾರಿ ನಮ್ಮ ಕಪಾಟಿನಲ್ಲೇ ಇದೆ. ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. ಅವರ 'ಇಂಗ್ಲಿಷ್ ಗೀತಗಳು' ಪುಸ್ತಕವಾಗಿ ಬಂದದ್ದು 1926ರಲ್ಲಿ. ಶಾಲೆಯಲ್ಲಿ ಸಾಲಾಗಿ ನಿಂತು 'ಕರುಣಾಳು ಬಾ ಬೆಳಕೆ' ಹಾಡಿದ ಎಷ್ಟೋ ಜನರಿಗೆ ಅದರ ಮೂಲ ಇಂಗ್ಲಿಷ್ ಪಾದ್ರಿ ನ್ಯೂಮನ್ 1833ರಲ್ಲಿ ಬರೆದ ಪ್ರಾರ್ಥನೆ ಎಂಬುದು ಎಂ.ಎ.ಗೆ ಬಂದರೂ ತಿಳಿದಿರುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದರಲ್ಲಿ ಒತ್ತು ಗುರುತಿಸಿ, ಇನ್ನೊಂದರಲ್ಲಿ ಮಾತ್ರೆ ಎಣಿಸಿ. ಒಂದು ಸಂಜೆಯ ಕೆಲಸ. ತರಗತಿಯಲ್ಲಿ ನಾನು ಒಂದು ವಾರ ಕೂಗಿ ಹೇಳುವುದಕ್ಕಿಂತ ಇದು ಚೆನ್ನಾಗಿ ತಲೆಗೆ ಹತ್ತುತ್ತದೆ.

ಇಂಗ್ಲಿಷ್ ಸಾಹಿತ್ಯ ಎಂಬ ಈ ವಿಷಯ ನಮ್ಮ ದೇಶಕ್ಕೆ ಹೇಗೆ ಬಂತು ಎಂಬುದನ್ನೂ ಓದಲೇಬೇಕು. ಭಾರತೀಯರಿಗೆ ಇಂಗ್ಲಿಷಿನಲ್ಲೇ ಶಿಕ್ಷಣ ಕೊಡಬೇಕೆಂದು ವಾದಿಸಿದ ಮೆಕಾಲೆಯ ಟಿಪ್ಪಣಿ 1835ರದು. ಹಳೆಯ ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕ ಆನರ್ಸ್ ಪದವಿ ಬಂದದ್ದು 1890ರ ದಶಕದಲ್ಲಿ, ಕೇಂಬ್ರಿಜ್‌ನಲ್ಲಿ 1917ರಲ್ಲಿ. ಅಂದರೆ ಅವರು ತಮ್ಮ ಮಕ್ಕಳಿಗೆ ಪದವಿಯಲ್ಲಿ ಕಲಿಸುವ ಮೊದಲೇ ನಮ್ಮವರಿಗೆ ಕಲಿಸತೊಡಗಿದ್ದರು. ಏಕೆ ಎಂಬುದನ್ನು ಗೌರಿ ವಿಶ್ವನಾಥನ್ 1989ರ ತಮ್ಮ ಅಧ್ಯಯನದಲ್ಲಿ ವಿವರವಾಗಿ ಬಿಡಿಸಿದ್ದಾರೆ, ಗ್ರಂಥಾಲಯದಲ್ಲಿ ಕೇಳಿ ತೆಗೆದುಕೊಳ್ಳಿ. ಇದನ್ನು ತಿಳಿದು ಓದಿದರೆ 'ಜೇನ್ ಏರ್' (1847) ಕಾದಂಬರಿ ಬೇರೆಯಾಗಿ ಕಾಣುತ್ತದೆ: ನಾಯಕ ಅಟ್ಟದಲ್ಲಿ ಕೂಡಿಹಾಕಿರುವ ಹೆಂಡತಿ ಜಮೈಕಾದವಳು, ನಾಯಕಿಗೆ ಪಾದ್ರಿಯೊಬ್ಬ ಹಿಂದುಸ್ತಾನಿ ಕಲಿಸುತ್ತಾನೆ, ಮದುವೆಯಾಗಿ ಭಾರತಕ್ಕೆ ಕರೆದೊಯ್ಯುವ ಲೆಕ್ಕಾಚಾರದಲ್ಲಿ. ಗೈಡುಗಳು ಈ ಹಿಂದುಸ್ತಾನಿ ಪಾಠವನ್ನು ಮುಟ್ಟುವುದೇ ಅಪರೂಪ. ಹಾಗೆಂದು ಇಂಗ್ಲಿಷ್ ವಸಾಹತುಶಾಹಿಯ ಹೇರಿಕೆ ಎಂದು ಒಂದು ವಾಕ್ಯದಲ್ಲಿ ಮುಗಿಸುವ ಉತ್ತರಕ್ಕೆ ನಾನು ಅಂಕ ಕಡಿಮೆ ಕೊಡುತ್ತೇನೆ. ಇಂಗ್ಲಿಷ್ ಕಲಿಯಿರಿ ಎಂದು ಸಾವಿತ್ರಿಬಾಯಿ ಫುಲೆ ಮರಾಠಿಯಲ್ಲಿ ಕವಿತೆ ಬರೆದರು. ಸಂಸ್ಕೃತದ ಬಾಗಿಲು ಮುಚ್ಚಿದ್ದ ಮನೆಗಳಿಂದ ಬಂದವರಿಗೆ ಈ ಭಾಷೆ ಏನಾಗಿತ್ತು ಎಂಬುದೂ ಅದೇ ಚರಿತ್ರೆಯ ಭಾಗ.

ಸಂಸ್ಕೃತಿ ಅಧ್ಯಯನ (ಕಲ್ಚರಲ್ ಸ್ಟಡೀಸ್) ಎಂಬ ಪಠ್ಯವಿಷಯ ಬಂದಾಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹೆಸರು ಪದೇ ಪದೇ ಕೇಳುತ್ತೀರಿ. ರಿಚರ್ಡ್ ಹೊಗಾರ್ಟ್ 1964ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಈ ಅಧ್ಯಯನದ ಕೇಂದ್ರವೊಂದನ್ನು ಶುರು ಮಾಡಿದರು, ಆಮೇಲೆ ಸ್ಟುವರ್ಟ್ ಹಾಲ್ ಅದನ್ನು ಮುನ್ನಡೆಸಿದರು. ಅದೇ ವರ್ಷಗಳಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಯು.ಆರ್. ಅನಂತಮೂರ್ತಿ ಪಿಎಚ್.ಡಿ. ಮಾಡುತ್ತಿದ್ದರು, 'ಸಂಸ್ಕಾರ'ವನ್ನು ಬರೆದದ್ದು ಅಲ್ಲಿದ್ದಾಗಲೇ. ಸಿದ್ಧಾಂತದ ಪುಸ್ತಕಗಳನ್ನು ನೇರವಾಗಿ ಓದಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಅಬ್ರಾಮ್ಸ್‌ನ ಸಾಹಿತ್ಯ ಪಾರಿಭಾಷಿಕ ಕೋಶದಲ್ಲಿ ಆ ನಮೂದನ್ನು ಓದಿ, ಆಮೇಲೆ ಮೂಲದ ಹತ್ತು ಪುಟ. ಹತ್ತೇ ಪುಟ, ಆದರೆ ಮೂಲದ್ದು.

ಪರೀಕ್ಷೆ ಬರೆಯುವ ಬಗ್ಗೆ ಒಂದೇ ಮಾತು ಉದಾಹರಣೆ ಸಮೇತ ಹೇಳುತ್ತೇನೆ. ಲೇಡಿ ಮ್ಯಾಕ್‌ಬೆತ್‌ಳ ಪಾತ್ರಚಿತ್ರಣ ಎಂಬ ಪ್ರಶ್ನೆ ಬಂದರೆ ನೂರಕ್ಕೆ ತೊಂಬತ್ತು ಉತ್ತರಗಳು ಷೇಕ್ಸ್‌ಪಿಯರ್ ಹುಟ್ಟಿದ ಊರಿನಿಂದ ಶುರುವಾಗಿ ವಿಶೇಷಣಗಳ ಮೆರವಣಿಗೆಯಲ್ಲಿ ಮುಗಿಯುತ್ತವೆ. ನೀವು ಐದನೆಯ ಅಂಕದ ಮೊದಲ ದೃಶ್ಯಕ್ಕೆ ನೇರವಾಗಿ ಹೋಗಿ. ಅಲ್ಲಿಯವರೆಗೆ, ಗಂಡನ ಪತ್ರ ಓದುವುದನ್ನು ಬಿಟ್ಟರೆ, ಆಕೆ ಮಾತನಾಡುವುದು ಪದ್ಯದಲ್ಲಿ. ನಿದ್ದೆಯಲ್ಲಿ ನಡೆಯುವ ಈ ದೃಶ್ಯದಲ್ಲಿ ಗದ್ಯದಲ್ಲಿ. ತುಂಡು ತುಂಡು ವಾಕ್ಯಗಳು, ಹಳೆಯ ಮಾತುಗಳ ಚೂರುಗಳು. ಇದನ್ನು ಗಮನಿಸಿ ಎರಡು ಪ್ಯಾರಾ ಬರೆದರೆ, ವ್ಯಾಕರಣದಲ್ಲಿ ನಾಲ್ಕು ತಪ್ಪಿದ್ದರೂ ಮೌಲ್ಯಮಾಪನ ಕೇಂದ್ರದಲ್ಲಿ ನಿಮ್ಮ ಪತ್ರಿಕೆ ಹಿಡಿದವರು ಎದ್ದು ಕೂರುತ್ತಾರೆ. ಕಟ್ಟು ಕಟ್ಟು ಒಂದೇ ಉತ್ತರ ಓದಿದ ಸಂಕಟ ನನಗೆ ಗೊತ್ತು.

ಪುಸ್ತಕಕ್ಕೆ ಹಣ ಹೆಚ್ಚು ಬೇಡ. ಹಳೆಯ ಕೃತಿಗಳು ಬಹುಮಟ್ಟಿಗೆ ಜಾಲತಾಣವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. ಲಿಬ್ರಿವಾಕ್ಸ್‌ನಲ್ಲಿ ಓದಿದ ಧ್ವನಿಯೂ ಸಿಗುತ್ತದೆ. ಓದುವವರು ಸ್ವಯಂಸೇವಕರು, ಎಲ್ಲರೂ ಚೆನ್ನಾಗಿ ಓದುವುದಿಲ್ಲ, ಹುಡುಕಿಕೊಳ್ಳಿ. ಷೇಕ್ಸ್‌ಪಿಯರನಿಗೆ ಮಾತ್ರ ಪುಟದ ಕೆಳಗೇ ಟಿಪ್ಪಣಿಯಿರುವ ಆರ್ಡನ್ ಆವೃತ್ತಿ ಬೇಕು. ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ವಿಚಾರಿಸಿ. ನಿಮ್ಮ ಕಾಲೇಜು ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಪತ್ರಿಕೆ, ಇ-ಪುಸ್ತಕ ಒದಗಿಸುವ ಯೋಜನೆ) ಸದಸ್ಯತ್ವ ಪಡೆದಿದ್ದರೆ ವಿದ್ವತ್ ಪತ್ರಿಕೆಗಳನ್ನು ಮನೆಯಿಂದಲೇ ಓದಬಹುದು. ಪಾಸ್‌ವರ್ಡ್ ಗ್ರಂಥಪಾಲಕರ ಬಳಿ ಇರುತ್ತದೆ, ಹೆಚ್ಚಿನವರು ಕೇಳುವುದೇ ಇಲ್ಲ. ಕಾಲೇಜು ಅಧ್ಯಾಪಕರಾಗಲು ಅರ್ಹತೆ ಕೊಡುವ ನೆಟ್ ಪರೀಕ್ಷೆಯ ಯೋಚನೆ ಇದ್ದವರು ಎಂ.ಎ. ಮೊದಲ ವರ್ಷದಲ್ಲೇ ಅದರ ಪಠ್ಯಕ್ರಮದ ಹತ್ತು ಘಟಕಗಳನ್ನು ಮುಂದಿಟ್ಟುಕೊಳ್ಳಿ. ಭಾರತದಲ್ಲಿ ಇಂಗ್ಲಿಷ್‌ನ ಚರಿತ್ರೆ ಒಂದು ಘಟಕ, ಸಂಸ್ಕೃತಿ ಅಧ್ಯಯನ ಇನ್ನೊಂದು. ಎರಡನ್ನೂ ಕೊನೆಗೆ ಎಂದು ಬಿಡುವವರೇ ಹೆಚ್ಚು.

ಎಂ.ಎ. ಕೊನೆಯಲ್ಲಿ ಕಿರುಪ್ರಬಂಧ ಇದ್ದರೆ, ಹಿಂದಿನ ಬ್ಯಾಚುಗಳು ಸವೆಸಿ ಬಿಟ್ಟ ವಿಷಯಗಳಿಗೆ ಕೈ ಹಾಕಬೇಡಿ. ಕುವೆಂಪು 'ಹ್ಯಾಮ್ಲೆಟ್' ನಾಟಕವನ್ನು ಬಿದನೂರಿಗೆ ತಂದು 'ರಕ್ತಾಕ್ಷಿ' ಮಾಡಿದರು. ಅದಕ್ಕೂ ಮೊದಲು ಎಂ.ಎಲ್. ಶ್ರೀಕಂಠೇಶಗೌಡರು 'ಮ್ಯಾಕ್‌ಬೆತ್' ಅನ್ನು 'ಪ್ರತಾಪರುದ್ರದೇವ' ಮಾಡಿದ್ದರು, ಬಸವಪ್ಪ ಶಾಸ್ತ್ರಿಗಳು 'ಒಥೆಲೊ'ವನ್ನು 'ಶೂರಸೇನ ಚರಿತ್ರೆ' ಮಾಡಿದ್ದರು. ಎರಡು ಭಾಷೆಯನ್ನೂ ಓದಬಲ್ಲವರಷ್ಟೇ ಮಾಡಬಹುದಾದ ಕೆಲಸ ಇದು. ದೆಹಲಿಯ ದೊಡ್ಡ ಕಾಲೇಜಿನ ವಿದ್ಯಾರ್ಥಿಗೆ ಕನ್ನಡ ಬಾರದಿದ್ದರೆ ಆತ ಇದನ್ನು ಮುಟ್ಟಲಾರ. ಹಳೆಯ ಪ್ರತಿಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿರುತ್ತವೆ. ಮೊಬೈಲಿನಲ್ಲಿ ಪುಟಗಳ ಚಿತ್ರ ತೆಗೆಯಲು ಗ್ರಂಥಾಲಯದ ಅನುಮತಿಯನ್ನು ಮೊದಲೇ ಪತ್ರ ಬರೆದು ಕೇಳಿಕೊಳ್ಳಿ. ಶೀರ್ಷಿಕೆ ಪುಟವನ್ನೂ ಅದರ ಹಿಂಬದಿಯನ್ನೂ ಬಿಡದೆ ತೆಗೆಯಿರಿ. ಪ್ರಬಂಧ ಬೈಂಡಿಂಗಿಗೆ ಕೊಡುವ ಹಿಂದಿನ ರಾತ್ರಿ ಮುದ್ರಣದ ವರ್ಷ ಹುಡುಕುತ್ತಾ ಕೂರುವುದು ತಪ್ಪುತ್ತದೆ.